ಗೌರವ ಸಂಘ ಮತ್ತು ಅಪ್ಪೆಮಿಡಿ ಭರಣಿ

ಎರಡು ಸಾವಿರದ ಆರನೆಯ ಇಸವಿಯಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಸೊಳ್ಳೆಮರಿಗಳ ತೀವ್ರ ಅಭಾವವಿತ್ತು. ಇದು ತಾಲೂಕಿನ ಆರೋಗ್ಯ ಶಿಕ್ಷಣಾಧಿಕಾರಿ ದಿನಕರ ಹೆಗಡೆಯವರ ಅನುಭವ. ಸೊಳ್ಳೆಗಳಿಗೇನೂ ಬರ ಇರಲಿಲ್ಲ. ಚಿಕೂನ್‌ಗುನ್ಯಾ ಬಂದು ಅರ್ಧ ಊರು ಮೊಣಕಾಲು ಹಿಡಿದುಕೊಂಡು ನಡೆಯುತ್ತಿತ್ತು. ಆದರೆ ಮರಿಗಳು, ಅಂದರೆ ಭಾಷಣದ ನಡುವೆ ಗಾಜಿನ ಬಾಟಲಿಯಲ್ಲಿ ಎತ್ತಿ ತೋರಿಸುವುದಕ್ಕೆ ಬೇಕಾದ ಜೀವಂತ ಮರಿಗಳು, ಹೆಗಡೆಯವರಿಗೆ ಸಿಗುತ್ತಿರಲಿಲ್ಲ.

ಕಾರಣ ಅವರ ಸ್ಕೂಟರು. ಅದರ ಸದ್ದು ಊರಿನ ತಿರುವಿನಲ್ಲಿ ಕೇಳಿದ್ದೇ ಜನ ಅಂಗಳಕ್ಕೆ ಓಡಿ, ಒಡಕು ಮಡಕೆ, ಹಳೇ ಟಯರು, ತೆಂಗಿನ ಗರಟೆ ಎಲ್ಲವನ್ನೂ ಬೋರಲು ಹಾಕಿ, ಕೈ ಒರೆಸಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದರು. ಸ್ಕೂಟರು ಊರು ದಾಟಿದ ಮೇಲೆ ಮಡಕೆಗಳು ಮತ್ತೆ ಅಂಗಾತವಾಗುತ್ತಿದ್ದವು. ಹೀಗಾಗಿ ಹೆಗಡೆಯವರು ಹೋದಲ್ಲೆಲ್ಲ ಊರು ಸ್ವಚ್ಛವಾಗಿಯೇ ಕಾಣುತ್ತಿತ್ತು. ಅವರ ತಿಂಗಳ ವರದಿಯಲ್ಲಿಯೂ ಸ್ವಚ್ಛವಾಗಿಯೇ ಇರುತ್ತಿತ್ತು. ನಿಲ್ಕುಂದದ ಶಾಲೆಯಲ್ಲೊಮ್ಮೆ ಬರೀ ನೀರಿನ ಬಾಟಲಿಯನ್ನೇ ಎತ್ತಿ ಹಿಡಿದು, "ಇದರಲ್ಲಿ ಮರಿಗಳಿವೆ ಎಂದು ತಿಳಿದುಕೊಳ್ಳಿ" ಎಂದು ಒಂದು ಗಂಟೆ ಮಾತಾಡಿದ್ದರು. ಕೊನೆಯಲ್ಲಿ ಹೆಡ್ಮಾಸ್ತರರು ವಂದನಾರ್ಪಣೆ ಮಾಡುತ್ತ, "ಸಾಹೇಬರು ತಂದ ನೀರು ಬಹಳ ಶುದ್ಧವಾಗಿತ್ತು" ಎಂದರು. ಆ ವಾಕ್ಯ ಹೆಗಡೆಯವರ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಮರುದಿನವೇ ಅವರು ಮನೆಯಲ್ಲಿ ಸೊಳ್ಳೆ ಸಾಕಲು ಶುರುಮಾಡಿದರು.

ಬಚ್ಚಲಮನೆಯ ಹಿಂದೆ ಒಂದು ಚೀನೀ ಭರಣಿ. ಮೂರು ದಿನ ಬಾಯಿ ತೆರೆದಿಟ್ಟರೆ ಕೇರಿಯ ಸೊಳ್ಳೆಗಳೇ ಬಂದು ಮೊಟ್ಟೆಯಿಟ್ಟು ಹೋಗುತ್ತವೆ. ನಾಲ್ಕನೆಯ ದಿನ ಹಳೇ ಬನಿಯನ್ನಿನ ಬಟ್ಟೆ ಕಟ್ಟಿ, ದಿನಕ್ಕೊಂದು ಚಮಚ ಗಂಜಿತಿಳಿ ಹಾಕಿದರೆ ವಾರದೊಳಗೆ ಬಾಟಲಿಗೆ ತುಂಬುವಂಥ ಮರಿಗಳು ತಯಾರು. ಹೆಗಡೆಯವರು ಇದಕ್ಕೊಂದು ನೋಟ್‌ಬುಕ್ ಇಟ್ಟಿದ್ದರು: 'ಬುಧವಾರದ ಬ್ಯಾಚು', 'ಶಾಲಾ ಬ್ಯಾಚು', 'ಮಹಿಳಾ ಮಂಡಳದ ಬ್ಯಾಚು'. ಕೇರಿಯಲ್ಲಿ ಮೊಟ್ಟೆಯಿಡುವಷ್ಟು ಸೊಳ್ಳೆಗಳಿವೆ ಎಂಬುದು ಈ ಪ್ರಯೋಗದಿಂದ ಸಿದ್ಧವಾಗಿದ್ದರೂ ಆ ಕಡೆಗೆ ಅವರ ಗಮನ ಹರಿಯಲಿಲ್ಲ. ಒಬ್ಬ ಮನುಷ್ಯ ಎಷ್ಟು ಕಡೆ ಅಂತ ಗಮನ ಕೊಟ್ಟಾನು?

ಭರಣಿಯ ಬಗ್ಗೆ ಆಕ್ಷೇಪ ಎತ್ತಿದವರು ಅವರ ಹೆಂಡತಿ ವಿನೋದಾ.

"ಯನ್ನ ಅಪ್ಪೆಮಿಡಿ ಭರಣಿ ಎಲ್ಲಿದ್ದು?"

"ಬಚ್ಚಲಮನೆ ಹಿಂದೆ ಇದ್ದು. ಸರ್ಕಾರಿ ಕೆಲಸಕ್ಕೆ ಬೇಕಾತು."

"ಎಂತ, ಸರ್ಕಾರದವು ಉಪ್ಪಿನಕಾಯಿ ಹಾಕ್ತಾ ಇದ್ವಾ?"

ಹೋಗಿ ನೋಡಿ ಬಂದ ಮೇಲೆ ಅವರು ಹೆಚ್ಚು ಮಾತಾಡಲಿಲ್ಲ. "ಯಂಗೆ ಜ್ವರ ಬಂದಾಗ ಒಂದು ಲೋಟ ಗಂಜಿ ಕಾಸಿದ್ರಿಲ್ಲೆ ನಿಂಗ. ಹುಳಕ್ಕೆ ಹೊತ್ತಿಗೆ ಸರಿಯಾಗಿ ಗಂಜಿ!" ಎಂದಷ್ಟೇ ಹೇಳಿ ಒಳಗೆ ಹೋದರು. ಮಾವಿನಮಿಡಿಯ ಉಪ್ಪಿನಕಾಯಿ ಹಾಕುವ ಭರಣಿ ಎಂದರೆ ನಮ್ಮ ಕಡೆ ಮನೆಯ ಒಬ್ಬ ಸದಸ್ಯನಿದ್ದ ಹಾಗೆ. ಅದು ತೌರಿನದಾದರೆ ಹಿರಿಯ ಸದಸ್ಯ.

ಇದು ಹೀಗೇ ನಡೆದುಕೊಂಡು ಹೋಗುತ್ತಿತ್ತು, ಗೌರವ ಸಂಘ ಬಾರದೆ ಇದ್ದಿದ್ದರೆ.

ಶಿರಸಿಯ ಒಂದು ಕಾಲೇಜಿನಲ್ಲಿ ಆರೋಗ್ಯ ಶಿಕ್ಷಣದ ಡಿಪ್ಲೊಮಾ ತರಗತಿಗಳು ನಡೆಯುತ್ತಿದ್ದವು. ನಡೆಸುವವರು ಮೇಧಾ ಮೇಡಂ. ನಲವತ್ತು ತುಂಬದ, ಮಾತು ಕಡಿಮೆಯ, ಕಾಗದಪತ್ರದಲ್ಲಿ ಕಟ್ಟುನಿಟ್ಟಿನ ಹೆಂಗಸು. ಹೆಗಡೆಯವರು ತಮ್ಮ ನಲವತ್ತೇಳನೆಯ ವಯಸ್ಸಿನಲ್ಲಿ ಭಾನುವಾರ ಭಾನುವಾರ ಹೋಗಿ ಅಲ್ಲಿ ಡಿಪ್ಲೊಮಾ ಮುಗಿಸಿದ್ದರು. ಆರೋಗ್ಯ ಶಿಕ್ಷಣದ ವಿದ್ಯಾರ್ಥಿಗಳಿಗೂ ಅದೇ ಉದ್ಯೋಗದಲ್ಲಿರುವವರಿಗೂ ಸೇರಿ ವಿದೇಶದ ಕಾಲೇಜುಗಳಲ್ಲಿ ಒಂದು ಗೌರವ ಸಂಘವಿರುತ್ತದೆ, ಒಳ್ಳೆಯ ಅಂಕವೂ ಒಳ್ಳೆಯ ನಡತೆಯೂ ಇದ್ದವರನ್ನು ಆರಿಸಿ ಅದರೊಳಕ್ಕೆ ಸೇರಿಸಿಕೊಳ್ಳುತ್ತಾರೆ ಎಂದು ಮೇಡಂ ಎಲ್ಲಿಯೋ ಓದಿ, ಅಂಥ ಒಂದು ಸಂಘಕ್ಕೆ ಪತ್ರ ಬರೆದರು. ಎಂಟು ತಿಂಗಳ ಮೇಲೆ ಉತ್ತರ ಬಂತು. ಶಾಖೆ ತೆರೆಯಬಹುದು, ಡಿಸೆಂಬರಿನೊಳಗೆ ತೆರೆಯಬೇಕು, ಉದ್ಘಾಟನೆಯ ದಿನ ಎಂಟು ಸದಸ್ಯರು ಸಹಿ ಹಾಕಬೇಕು, ಏಳು ಜನರಾದರೆ ಶಾಖೆ ಇಲ್ಲ. ಜೊತೆಗೆ ಎಂಟು ಹಸಿರು ರೇಷ್ಮೆಯ ಹುರಿಗಳು, ಕೊರಳಿಗೆ ಹಾಕಿಕೊಳ್ಳಲು. ಸಂಘದ ಹೆಸರು ಮೂರು ಅಕ್ಷರಗಳಲ್ಲಿತ್ತು. ಆ ಅಕ್ಷರಗಳು ಇಂಗ್ಲಿಷಿನವೂ ಅಲ್ಲ, ಗ್ರೀಕಿನವು ಎಂದು ಗೊತ್ತಾದ ಮೇಲೆ ಸಂಘದ ಮೇಲಿನ ಗೌರವ ಇಮ್ಮಡಿಯಾಯಿತು.

ಲೆಕ್ಕ ಹಾಕಿದರೆ ಸರಿಯಾಗಿ ಎಂಟೇ ಜನ. ಐದು ವಿದ್ಯಾರ್ಥಿನಿಯರು, ಮೇಧಾ ಮೇಡಂ, ದಿನಕರ ಹೆಗಡೆಯವರು ಮತ್ತು ಯಲ್ಲಾಪುರ ತಾಲೂಕಿನ ಆರೋಗ್ಯ ನಿರೀಕ್ಷಕ ಇಡಗುಂದಿಯ ಉಲ್ಲಾಸ ನಾಯ್ಕರು.

ಈ ಎಂಟನೆಯ ಹೆಸರು ಹೆಗಡೆಯವರಿಗೆ ಹಿಡಿಸಲಿಲ್ಲ. ಉಲ್ಲಾಸ ನಾಯ್ಕರೂ ಅವರೂ ಇಲಾಖೆಗೆ ಸೇರಿದ್ದು ಒಂದೇ ದಿನ. ನಾಯ್ಕರು ಬೆಳಿಗ್ಗೆ ಹತ್ತಕ್ಕೆ ಹಾಜರಾದರು. ಹೆಗಡೆಯವರು ತಮ್ಮೂರು ಹೆಗ್ಗರಣೆಯಿಂದ ಹೊರಟ ಬಸ್ಸು ದಾರಿಯಲ್ಲಿ ಕೆಟ್ಟು ಮಧ್ಯಾಹ್ನ ಎರಡಕ್ಕೆ ಹಾಜರಾದರು. ಆ ನಾಲ್ಕು ತಾಸಿನಿಂದಾಗಿ ಇಪ್ಪತ್ತೆರಡು ವರ್ಷ ಎಲ್ಲ ಪಟ್ಟಿಗಳಲ್ಲಿಯೂ ನಾಯ್ಕರು ಮೇಲೆ, ಹೆಗಡೆಯವರು ಕೆಳಗೆ. ಈಗ ಗೌರವ ಸಂಘದ ದಾಖಲೆ ಪುಸ್ತಕದಲ್ಲಿಯೂ ಸೇವಾ ಹಿರಿತನದ ಮೇಲೆ ಸಹಿ ಎಂದು ಮೇಡಂ ಸಭೆಯಲ್ಲಿ ಹೇಳಿದಾಗ ಹೆಗಡೆಯವರು ಎದ್ದು ನಿಂತರು.

"ಮೇಡಂ, ನಮ್ಮ ಶಾಖೆಗೆ ನಮ್ಮದೇ ಆದ ಒಂದು ನಿಯಮ ಬೇಕು. ನಾವು ಊರಿಗೆಲ್ಲ ಹೇಳುವವರು. ನಮ್ಮ ಮನೆಯೇ ಮೊದಲ ಪಾಠಶಾಲೆ. ಉದ್ಘಾಟನೆಗೆ ಮೊದಲು ಪ್ರತಿಯೊಬ್ಬ ಸದಸ್ಯನ ಮನೆಯನ್ನೂ ಇಬ್ಬರು ಸದಸ್ಯರು ಮುನ್ಸೂಚನೆ ಕೊಡದೆ ತಪಾಸಣೆ ಮಾಡಬೇಕು. ಒಂದೇ ಒಂದು ಸೊಳ್ಳೆಮರಿ ಸಿಕ್ಕಿದರೂ ಮೂರು ವರ್ಷ ಸದಸ್ಯತ್ವ ಇಲ್ಲ."

ಉಲ್ಲಾಸ ನಾಯ್ಕರ ಅಂಗಳದಲ್ಲಿ ತಾವರೆಯ ತೊಟ್ಟಿಯಿದೆ ಎಂಬುದು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿಗೆ ಗೊತ್ತಿತ್ತು.

"ಒಬ್ಬರು ತಪ್ಪಿದರೂ ಏಳೇ ಆಗ್ತೇವೆ" ಎಂದರು ಮೇಡಂ.

"ಆಗಲಿ ಮೇಡಂ. ನಿಯಮ ಅಂದರೆ ನಿಯಮ."

ನಾಯ್ಕರು ಬಾಯೊಳಗಿನ ಎಲೆಯಡಿಕೆಯ ಕವಳವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿ, "ಒಳ್ಳೇ ನಿಯಮ ಮಾರಾಯ್ರೆ" ಎಂದರು. ವಿದ್ಯಾರ್ಥಿನಿಯರು ಚಪ್ಪಾಳೆ ತಟ್ಟಿದರು. ಅದು ಏಳನೆಯ ನಿಯಮವೆಂದು ಪುಸ್ತಕಕ್ಕೆ ಹೋಯಿತು.

ಮೊದಲ ತಪಾಸಣೆ ಇಡಗುಂದಿಯಲ್ಲಿ. ಹೆಗಡೆಯವರೇ ಸೌಟು ಹಿಡಿದು ತಾವರೆ ತೊಟ್ಟಿಯನ್ನು ಒಂದು ತಾಸು ಜಾಲಾಡಿದರು. ಸಿಕ್ಕಿದ್ದು ಹತ್ತು ಗಪ್ಪಿ ಮೀನು, ಒಂದು ಕಪ್ಪೆ. ಸೊಳ್ಳೆಮರಿ ತಿನ್ನುವ ಈ ಮೀನುಗಳನ್ನು ನಾಯ್ಕರು ಸಭೆಯ ಮರುದಿನವೇ ತಂದು ಬಿಟ್ಟಿದ್ದರು. "ಇನ್ನೂ ಹುಡುಕಿ, ಆರಾಮ ಹುಡುಕಿ. ಊಟ ಮಾಡ್ಕೊಂಡೇ ಹೋದ್ರಾಯ್ತು" ಎಂದು ನಾಯ್ಕರು ಮೆಟ್ಟಿಲ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು. ಹೆಗಡೆಯವರು 'ಸೊನ್ನೆ' ಎಂದು ಬರೆದರು. ಅಷ್ಟು ಸಣ್ಣ ಸೊನ್ನೆಯನ್ನು ಯಾರೂ ಬರೆದಿರಲಿಕ್ಕಿಲ್ಲ.

ಒಂದೊಂದಾಗಿ ಎಲ್ಲರ ಮನೆಯೂ ಆಯಿತು. ಉಳಿದದ್ದು ಸಿದ್ದಾಪುರದ ಒಂದು ಮನೆ. ಉದ್ಘಾಟನೆಗೆ ಮೂರು ದಿನ ಇತ್ತು. ಕರೆಯೋಲೆ ಅಚ್ಚಾಗಿತ್ತು. ಐದು ವಿದ್ಯಾರ್ಥಿನಿಯರ ಹೆಸರು ಪೇಪರಿನಲ್ಲಿ ಬಂದು, ಅವರ ತಾಯಂದಿರು ಸೀರೆ ತೆಗೆದಾಗಿತ್ತು. ಹೆಗ್ಗರಣೆಯಿಂದ ಹೆಗಡೆಯವರ ಚಿಕ್ಕಪ್ಪ ಎರಡು ಜೀಪು ಮಾಡಿಕೊಂಡು ಬರುವುದೆಂದೂ ಒಂದು ಶಾಲು ತರುವುದೆಂದೂ ಫೋನು ಮಾಡಿದ್ದರು. ಹಸಿರು ಹುರಿಯ ಸುದ್ದಿ ಕೇರಿಯಲ್ಲೆಲ್ಲ ಹಬ್ಬಿತ್ತು. ಪಕ್ಕದ ಮನೆಯ ಶಂಕ್ರಪ್ಪ, ಹಾವೇರಿ ಕಡೆಯಿಂದ ಬಂದು ಫಾರೆಸ್ಟ್ ಗಾರ್ಡ್ ಆಗಿ ನಿವೃತ್ತರಾದವರು, ಬೇಲಿಯಾಚೆಯಿಂದಲೇ ಕೇಳಿದ್ದರು:

"ಸಾಹೇಬ್ರ, ಮೈಮ್ಯಾಗ ಜನಿವಾರ ಐತಿ. ಅದರ ಮ್ಯಾಲ ಮತ್ತೊಂದು ದಾರ ಯಾಕ್ರಿ?"

"ಅದು ಹುಟ್ಟಿನಿಂದ ಬಂದದ್ದು ಶಂಕ್ರಪ್ಪನವರೇ. ಇದು ಯೋಗ್ಯತೆಯಿಂದ."

ಶಂಕ್ರಪ್ಪ ಹೆಚ್ಚು ಹೊತ್ತು ನಿಲ್ಲಲಿಲ್ಲ. ಆಗಸ್ಟಿನಲ್ಲಿ ಬಂದ ಚಿಕೂನ್‌ಗುನ್ಯಾ ಅವರ ಮೊಣಕಾಲಿನಿಂದ ಇನ್ನೂ ಇಳಿದಿರಲಿಲ್ಲ. ಏಡಿಯ ಹಾಗೆ ಅಡ್ಡಡ್ಡ ನಡೆದು ಒಳಗೆ ಹೋದರು.

ಭರಣಿಯೊಳಗಿನದು ಸೊಳ್ಳೆಮರಿಯಲ್ಲ, ಬೋಧನಾ ಸಾಮಗ್ರಿ ಎಂದು ಹೆಗಡೆಯವರು ಬಲವಾಗಿ ನಂಬಿದ್ದರು. ಆದರೆ ನಾಯ್ಕರು ನಂಬಬೇಕಲ್ಲ. ಚೆಲ್ಲಿಬಿಡೋಣವೆಂದರೆ ಭಾನುವಾರ ಜಿಲ್ಲೆಯ ದೊಡ್ಡ ಅಧಿಕಾರಿಯ ಎದುರು ವೇದಿಕೆಯ ಮೇಲೆ ಪ್ರಾತ್ಯಕ್ಷಿಕೆ ಇತ್ತು. ಆ ಬ್ಯಾಚು ಭಾನುವಾರಕ್ಕೆಂದೇ ಬೆಳೆಸಿದ್ದು. ನಿಲ್ಕುಂದದ ಶುದ್ಧ ನೀರು ನೆನಪಾಗಿ ಅವರು ಭರಣಿಯನ್ನು ಎತ್ತಿಕೊಂಡು ಗುರುವಾರ ಸಂಜೆ ಶಂಕ್ರಪ್ಪನವರ ಮನೆಗೆ ಹೋದರು. ಶಂಕ್ರಪ್ಪ ಇರಲಿಲ್ಲ, ಹೆಂಡತಿ ಪಾರ್ವತವ್ವ ಇದ್ದರು. ಕೇರಿಯ ಅಂಗನವಾಡಿ ನಡೆಸುವವರು ಅವರೇ, ಹದಿನೇಳು ವರ್ಷದಿಂದ.

"ಪಾರ್ವತವ್ವ, ಇದನ್ನು ಭಾನುವಾರದವರೆಗೆ ಇಟ್ಟುಕೊಳ್ಳಬೇಕು."

"ಏನೈತ್ರಿ ಇದರಾಗ?"

ಹೆಗಡೆಯವರು ಭರಣಿಯನ್ನು ನೋಡಿದರು. ಭರಣಿಯೇ ಉತ್ತರ ಕೊಟ್ಟಿತು. "ಅಪ್ಪೆಮಿಡಿ. ಇವಳ ತೌರಿನವರು ಬರುವವರಿದ್ದಾರೆ. ಮನೆಯಲ್ಲಿದ್ದರೆ ಒಂದು ಮಿಡಿಯೂ ಉಳಿಯುವುದಿಲ್ಲ. ಬಟ್ಟೆ ಮಾತ್ರ ಬಿಚ್ಚಬಾರದು, ಗಾಳಿ ತಾಗಿದರೆ ಕೆಡ್ತದೆ."

ಬೇರೆ ಊರಾಗಿದ್ದರೆ ಈ ಮಾತಿನ ಬಗ್ಗೆ ಅನುಮಾನ ಹುಟ್ಟುತ್ತಿತ್ತು. ಆದರೆ ಹೆಗಡೆ ಮನೆತನದವನೊಬ್ಬ ನೆಂಟರಿಂದ ಉಪ್ಪಿನಕಾಯಿ ಬಚ್ಚಿಡುತ್ತಾನೆ ಎಂದರೆ ಅದರಲ್ಲಿ ಅಸಹಜವೇನೂ ಪಾರ್ವತವ್ವನಿಗೆ ಕಾಣಲಿಲ್ಲ. "ಆತ್ ಬಿಡ್ರಿ, ನನ್ನ ಜೀವ ಇದ್ದಂಗ ಇಟ್ಕೋತೀನಿ" ಎಂದು ಅಡುಗೆಮನೆಯ ನಾಗಂದಿಗೆಗೆ ಏರಿಸಿದರು.

ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ಉಲ್ಲಾಸ ನಾಯ್ಕರು ಬಂದರು. ಜೊತೆಗೆ ತರಗತಿಗೇ ಮೊದಲಿಗಳಾದ ಸಮೃದ್ಧಿ ಎಂಬ ಹುಡುಗಿ. ಅವಳ ಕೈಯಲ್ಲಿ ಸೌಟು, ಬಿಳೀ ತಟ್ಟೆ, ಬ್ಯಾಟರಿ ಮತ್ತು ನಮೂನೆ. ಅಂಕ ಗಳಿಸಿಯೇ ರೂಢಿಯಾದವರು ಎಲ್ಲವನ್ನೂ ಹೇಗೆ ನೋಡುತ್ತಾರೋ ಹಾಗೆ ಅವಳು ಆ ಮನೆಯನ್ನು ನೋಡಿದಳು. ತುಳಸಿಕಟ್ಟೆಯ ನೀರಿಳಿಯುವ ತೂತು, ಹೂಕುಂಡದ ತಟ್ಟೆ, ಕೊನೆಗೆ ಫ್ರಿಜ್ಜಿನ ಹಿಂಬದಿಯಲ್ಲಿ ನೀರು ನಿಲ್ಲುವ ಟ್ರೇಯನ್ನೂ ಎಳೆದಳು. ಆ ಟ್ರೇ ಇದೆ ಎಂಬುದೇ ಮನೆಯವರಿಗೆ ಗೊತ್ತಿರಲಿಲ್ಲ. ಅದೂ ಒಣಗಿತ್ತು.

ಹೆಗಡೆಯವರು ಹಿಂದಿಂದೆ ನಡೆಯುತ್ತ, "ನೋಡಮ್ಮ, ಸರಿಯಾಗಿ ನೋಡು. ಬಚ್ಚಲಮನೆ ಹಿಂದೆಯೂ ನೋಡು" ಎಂದು ಉತ್ತೇಜನ ಕೊಡುತ್ತಿದ್ದರು.

ವಿನೋದಾ ಕಷಾಯದ ಲೋಟ ತಂದಿಟ್ಟು ಗಂಡನ ಕಡೆ ನೋಡಿದರು. "ಭರಣಿ ಕಾಣ್ತಿಲ್ಲೆ?"

"ಯಾವ ಭರಣಿ?" ಎಂದರು ಹೆಗಡೆಯವರು.

ವಿನೋದಾ ಸುಳ್ಳು ಹೇಳುವವರಲ್ಲ. ಆದರೆ ಕೇಳದೆ ನಿಜ ಹೇಳುವವರೂ ಅಲ್ಲ. ಸುಮ್ಮನೆ ಬಾಗಿಲಿಗೆ ಒರಗಿ ನಿಂತರು.

ನಾಯ್ಕರು ಕಷಾಯ ಕುಡಿದು, ನಿಟ್ಟುಸಿರು ಬಿಟ್ಟು, "ಹೌದು ಮಾರಾಯ್ರೆ, ಒಪ್ಪಬೇಕಾದ್ದೆ. ಬರ್ಕೋ ಸಮೃದ್ಧಿ, ಸೊನ್ನೆ" ಎಂದರು. ಸಮೃದ್ಧಿ ಪೆನ್ನಿನ ಟೊಪ್ಪಿ ತೆಗೆದಳು.

ಅಷ್ಟರಲ್ಲಿ ಪಕ್ಕದ ಮನೆಯಲ್ಲಿ ಊಟದ ಹೊತ್ತು. ಶಂಕ್ರಪ್ಪನಿಗೆ ರೊಟ್ಟಿಯ ಜೊತೆ ನಂಜಿಕೊಳ್ಳಲು ಏನಾದರೂ ಬೇಕಿತ್ತು. ಮೂರು ಸೇರು ಅಪ್ಪೆಮಿಡಿ ತಲೆಯ ಮೇಲೆಯೇ ಇದೆ. ಒಂದು ಮಿಡಿ ತೆಗೆದರೆ ಸಾಹೇಬರಿಗೆ ಏನು ತಿಳಿಯುತ್ತದೆ? ಪಾರ್ವತವ್ವ ಬಟ್ಟೆ ಬಿಚ್ಚಿ, ಚಮಚ ಇಳಿಸಿ, ಮೇಲಕ್ಕೆತ್ತಿ, ಬೆಳಕಿಗೆ ಹಿಡಿದು ನೋಡಿದರು.

ಅವರ ಕೂಗು ಮೊದಲು ಬಂತು. ಆಮೇಲೆ ಭರಣಿ ಹೊತ್ತ ಅವರು.

"ವಿನೋದಕ್ಕಾ! ನಿಮ್ಮ ಉಪ್ಪಿನಕಾಯಿ ಈಜಾಕತ್ತೇತ್ರೀ!"

ಮೆಟ್ಟಿಲ ಮೇಲೆ ಭರಣಿ ಇಟ್ಟರು. ಒಳಗಿನಿಂದ ಎರಡು ಸೊಳ್ಳೆಗಳು ಎದ್ದು, ಅತ್ತಿತ್ತ ನೋಡಿ, ಒಂದು ನಾಯ್ಕರ ಮುಂಗೈ ಮೇಲೆ, ಇನ್ನೊಂದು ಸಮೃದ್ಧಿಯ ನಮೂನೆಯ ಮೇಲೆ, ಸೊನ್ನೆ ಬರೆಯಬೇಕಾಗಿದ್ದ ಜಾಗದಲ್ಲಿ ಕೂತುಕೊಂಡವು.

ಹೆಗಡೆಯವರು ಗಂಟಲು ಸರಿಮಾಡಿಕೊಂಡರು.

"ಇದು ಬೋಧನಾ ಸಾಮಗ್ರಿ."

"ಸಾಮಗ್ರಿ ಹಾರ್ತಾ ಇದೆಯಲ್ಲ ಮಾರಾಯ್ರೆ" ಎಂದರು ನಾಯ್ಕರು.

ರೊಟ್ಟಿಯ ತುಂಡು ಕೈಯಲ್ಲೇ ಹಿಡಿದು ಶಂಕ್ರಪ್ಪ ಅಡ್ಡಡ್ಡ ಬಂದು ತಲುಪಿದರು. ಭರಣಿಯೊಳಗೆ ಇಣುಕಿದರು. ತಮ್ಮ ಮೊಣಕಾಲು ನೋಡಿಕೊಂಡರು. ಆಮೇಲೆ ಹೆಗಡೆಯವರನ್ನು ನೋಡಿದರು.

"ಸಾಹೇಬ್ರ, ಆಗಸ್ಟ್‌ನ್ಯಾಗ ನನಗ ಕಡದ ಸೊಳ್ಳಿ ನಿಮ್ಮ ಮನೀದೇನ್ರಿ?"

"ಛೇ ಛೇ, ಇಲ್ಲ ಶಂಕ್ರಪ್ಪನವರೇ. ಇದು ಆಮೇಲಿನ ಬ್ಯಾಚು."

ಈ ಉತ್ತರ ಸಮಾಧಾನಕ್ಕೆಂದು ಹೇಳಿದ್ದು. ಅದರಿಂದ ಯಾರಿಗೂ ಸಮಾಧಾನವಾದ ಹಾಗೆ ಕಾಣಲಿಲ್ಲ.

ನಾಯ್ಕರ ಮುಖದಲ್ಲಿ ಇಪ್ಪತ್ತೆರಡು ವರ್ಷಗಳ ಹಿರಿತನ ಒಮ್ಮೆ ಮಿನುಗಿತು. ಮರುಕ್ಷಣ ಅವರ ಬಣ್ಣವೇ ಇಳಿಯಿತು. ಹೆಗಡೆಯವರು ಹೋದರೆ ಉಳಿಯುವುದು ಏಳು. ಏಳು ಜನರಿಗೆ ಶಾಖೆ ಇಲ್ಲ. ಶಾಖೆ ಇಲ್ಲದಿದ್ದರೆ ನಾಯ್ಕರ ಕೊರಳಿಗೂ ಹುರಿ ಇಲ್ಲ. ಅವರೂ ಇಡಗುಂದಿಯಿಂದ ಒಂದು ಟೆಂಪೋ ಹೇಳಿದ್ದರು.

"ಸಮೃದ್ಧಿ, ಇದನ್ನೆಲ್ಲ ಈಗಲೇ ಬರೀಬೇಕು ಅಂತಿಲ್ಲ..." ಎಂದು ಅವರು ಮೆಲ್ಲಗೆ ಶುರುಮಾಡಿದರು.

"ಬರೆದಾಯ್ತು ಸರ್" ಎಂದಳು ಸಮೃದ್ಧಿ. ಅವಳು ಅಷ್ಟರಲ್ಲಿ ಭರಣಿಯನ್ನು ಸ್ವಲ್ಪ ಸ್ವಲ್ಪವೇ ಬಿಳೀ ತಟ್ಟೆಗೆ ಬಗ್ಗಿಸಿ, ಎಣಿಸಿ, ತಿರುಗಿ ಸುರಿದಿದ್ದಳು. ನಮೂನೆಯಲ್ಲಿ ಶಾಯಿಯಲ್ಲಿ ಬರೆದಿತ್ತು: 'ಮರಿಗಳು ನೂರಾ ನಲವತ್ತೆರಡು. ಎರಡು ಬಾರಿ ಎಣಿಸಿದೆ.'

ಪಾರ್ವತವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ಭರಣಿಯನ್ನು ಮತ್ತೆ ಎತ್ತಿಕೊಂಡರು. "ಇದು ನನ್ನ ಕಡೆ ಇರ್ಲಿ" ಎಂದವರು ಮನೆಯ ಕಡೆ ಹೋಗದೆ ಕೇರಿಯ ಕಡೆ ನಡೆದರು. ತಡೆಯುವ ನೈತಿಕ ಸ್ಥಾನದಲ್ಲಿ ಹೆಗಡೆಯವರು ಇರಲಿಲ್ಲ.

ಶನಿವಾರ ಬೆಳಗಿನ ಬಸ್ಸಿಗೆ ಮೇಧಾ ಮೇಡಂ ಶಿರಸಿಯಿಂದ ಬಂದು ಇಳಿದರು. ಸಮೃದ್ಧಿಯೂ ನಾಯ್ಕರೂ ಜೊತೆಗಿದ್ದರು. ಮೇಡಂ ಕೈಚೀಲದಲ್ಲಿ ಎಂಟು ಹುರಿಗಳೂ ದಾಖಲೆ ಪುಸ್ತಕವೂ ವಿದೇಶದ ಪತ್ರವೂ ಇದ್ದವು. ರಾತ್ರಿ ನಿದ್ದೆ ಮಾಡಿದವರ ಹಾಗೆ ಕಾಣುತ್ತಿರಲಿಲ್ಲ. ಐದು ಹುಡುಗಿಯರ ಹೆಸರು ಪೇಪರಿನಲ್ಲಿ ಬಂದಾಗಿದೆ; ಡಿಸೆಂಬರು ಮುಗಿಯುತ್ತ ಬಂದಿದೆ.

ಹೆಗಡೆಯವರು ಗೇಟಿನವರೆಗೆ ಬಂದು ಎದುರುಗೊಂಡರು. ಮೇಡಂ ಗೇಟಿನೊಳಗೆ ಕಾಲಿಡಲಿಲ್ಲ. ಅವರು ಕೇರಿಯನ್ನು ನೋಡುತ್ತಿದ್ದರು.

ಇಪ್ಪತ್ತೆರಡು ಮನೆಗಳ ಆ ಕೇರಿಯಲ್ಲಿ ಒಂದು ಪಾತ್ರೆಯೂ ಅಂಗಾತ ಇರಲಿಲ್ಲ. ಮಡಕೆ, ಬಕೆಟ್ಟು, ಕಲಗಚ್ಚಿನ ಬಾನಿ, ಕೋಳಿಗೆ ನೀರಿಡುವ ಚಿಪ್ಪು, ಎಲ್ಲ ಬೋರಲು. ಟಯರುಗಳಿಗೆ ತೂತು ಬಿದ್ದಿತ್ತು. ಸ್ಕೂಟರಿನ ಸದ್ದಿಗೆ ಹೆದರಿ ಹಾಕಿದ ಬೋರಲಲ್ಲ ಅದು; ಸ್ಕೂಟರು ಹೆಗಡೆಯವರ ಕೊಟ್ಟಿಗೆಯಲ್ಲಿ ತಣ್ಣಗೆ ನಿಂತಿತ್ತು.

ನಲ್ಲಿಯ ಹತ್ತಿರ ಹೆಂಗಸರ ಗುಂಪು. ನಡುವೆ ಕಟ್ಟೆಯ ಮೇಲೆ ಭರಣಿ. ಪಾರ್ವತವ್ವ ಚಮಚ ಎತ್ತಿ ಹಿಡಿದಿದ್ದರು.

"...ನಾ ಉಪ್ಪಿನಕಾಯಿ ಅಂತ ತಿಳದ ಚಮಚ ಹಾಕೀನಿ ನೋಡವಾ. ಬಾಯಿಗೆ ಇಟ್ಟಿದ್ರ ನನ್ನ ಗತಿ ಏನು? ತಲಿ ಕೆಳಗ, ಬಾಲ ಮ್ಯಾಲ, ಹಿಂಗ ಕುಣೀತಾವು. ದುರ್ಗಮ್ಮ, ನಿನ್ನ ಹೂವಿನ ಕುಂಡದ ತಟ್ಟ್ಯಾಗ ಇವರಪ್ಪ ಅದಾನ, ಹೋಗಿ ನೋಡು."

"ನಿನ್ನೆನೇ ಚೆಲ್ಲಿದೆ ಕಣೇ ಮಾರಾಯ್ತಿ!" ಎಂದಳು ದುರ್ಗಮ್ಮ. "ನಮ್ಮನೆಯೋರು ಸಾಂಬಾರನ್ನೂ ಬೆಳಕಿಗೆ ಹಿಡಿದು ನೋಡಿ ಉಣ್ತಾ ಇದಾರೆ."

ಗುಂಪು ಬಿದ್ದು ಬಿದ್ದು ನಕ್ಕಿತು. ನಗುತ್ತಲೇ ಇಬ್ಬರು ಎದ್ದು ತಮ್ಮ ಮನೆಯ ಹಿತ್ತಿಲು ನೋಡಿಬರಲು ಹೋದರು. ಇದೇ ಕೇರಿಯಲ್ಲಿ ಹೆಗಡೆಯವರು ಆ ವರ್ಷ ಮೂರು ಉಪನ್ಯಾಸ ಕೊಟ್ಟಿದ್ದರು. ಮೂರಕ್ಕೂ ಹಾಜರಿ ಇತ್ತು, ವಂದನಾರ್ಪಣೆಯೂ ಇತ್ತು.

ಮೇಡಂ ಹತ್ತು ನಿಮಿಷ ಕೇಳಿದರು. ಆಮೇಲೆ ತಿರುಗಿ, "ಇವರು ಯಾರು?" ಎಂದರು.

"ಅಂಗನವಾಡಿಯವರು" ಎಂದರು ನಾಯ್ಕರು.

"ಅಂದರೆ ಉದ್ಯೋಗದಲ್ಲಿರುವವರು." ಮೇಡಂ ಕೈಚೀಲದಿಂದ ಖಾಲಿ ಅರ್ಜಿ ತೆಗೆದರು. "ಸಮೃದ್ಧಿ, ನಾಯ್ಕರೇ, ಇವರ ಮನೆ ತಪಾಸಣೆ ಮಾಡಿ."

ಅರ್ಧ ತಾಸಿನಲ್ಲಿ ಎಲ್ಲರೂ ಹೆಗಡೆಯವರ ಜಗಲಿಯಲ್ಲಿ ಸೇರಿದರು. ಪಾರ್ವತವ್ವ ಭರಣಿ ಸಮೇತ ಬಂದರು. ಮನೆ ಸ್ವಚ್ಛ ಎಂದಳು ಸಮೃದ್ಧಿ. ಆದರೆ ಒಂದು ತೊಡಕಿದೆ ಎಂದಳು. "ಏಳನೆಯ ನಿಯಮದ ಪ್ರಕಾರ ಮರಿ ಯಾರ ಮನೆಯಲ್ಲಿ ಸಿಕ್ಕಿತು ಎಂಬುದು ಮುಖ್ಯ. ಗುರುವಾರ ಸಂಜೆಯಿಂದ ಭರಣಿ ಇದ್ದದ್ದು ಇವರ ಅಡುಗೆಮನೆಯಲ್ಲಿ. ಹೆಗಡೆ ಸರ್ ಮನೆಯ ಒಳಗೆ ನಮಗೇನೂ ಸಿಗಲಿಲ್ಲ."

ನಿಯಮ ಎಂದರೆ ನಿಯಮ. ಭರಣಿ ಪಾರ್ವತವ್ವನದೆಂದಾದರೆ ಅವರು ಹೊರಗೆ, ಹೆಗಡೆಯವರು ಒಳಗೆ. ಲೆಕ್ಕಕ್ಕೆ ಎಂಟು ಹೇಗೂ ಆಗುತ್ತದೆ.

ನಾಯ್ಕರು ಸೂರು ನೋಡುತ್ತ, "ಹೌದಲ್ಲ, ಭರಣಿ ಇದ್ದದ್ದು ಅವರ ಕೈಯಲ್ಲೇ ಮಾರಾಯ್ರೆ. ನಾನೇ ಕಣ್ಣಾರೆ ನೋಡಿದ್ದು" ಎಂದರು. ಹಸಿರು ಹುರಿ ಮನುಷ್ಯನನ್ನು ಎಷ್ಟು ಉದಾರಿಯನ್ನಾಗಿ ಮಾಡುತ್ತದೆ ಎಂಬುದಕ್ಕೆ ಇದು ಸಾಕ್ಷಿ.

"ಭರಣಿ ಯಾರದ್ದು ಸರ್?" ಎಂದರು ಮೇಡಂ, ದಾಖಲೆ ಪುಸ್ತಕ ಬಿಡಿಸಿ ಪೆನ್ನು ಹಿಡಿದು.

ಹೆಗಡೆಯವರು ಭರಣಿ ನೋಡಿದರು. ಕೈಚೀಲದಿಂದ ಇಣುಕುತ್ತಿದ್ದ ಹಸಿರು ಹುರಿ ನೋಡಿದರು. ಎರಡು ಜೀಪು, ಚಿಕ್ಕಪ್ಪ, ಶಾಲು, ಎಲ್ಲ ಕಣ್ಣೆದುರು ಬಂದು ಹೋಗಿರಬೇಕು. ಪಾರ್ವತವ್ವ ತಪ್ಪಿತಸ್ಥೆಯ ಹಾಗೆ ಸೆರಗು ತಿರುವುತ್ತ, "ಒಂದು ಮಿಡಿ ತಗೋಬೇಕು ಅಂತ ಬಟ್ಟಿ ಬಿಚ್ಚಿದ್ದು ಖರೇರಿ. ನಂದೂ ತಪ್ಪೈತಿ. ಸಾಹೇಬ್ರ ಬ್ಯಾಡ ಅಂದಿದ್ರು" ಎಂದರು.

ಬಾಗಿಲಿಗೆ ಒರಗಿದ್ದ ವಿನೋದಾ ಗಂಡನನ್ನೇ ನೋಡುತ್ತಿದ್ದರು.

"ಬರೆದುಕೊಳ್ಳಿ ಮೇಡಂ" ಎಂದರು ಹೆಗಡೆಯವರು ಕೊನೆಗೆ. "ಭರಣಿ ನನ್ನದು. ಮರಿಯೂ ನನ್ನದು."

"ಭರಣಿ ನಿಂಗಳ್ದಲ್ಲ" ಎಂದರು ವಿನೋದಾ. "ಅದು ಯನ್ನ ತೌರಮನೆದು. ಹುಳ ಮಾತ್ರ ನಿಂಗಳ್ದು."

ತಿದ್ದುಪಡಿಯನ್ನು ಮೇಡಂ ಒಪ್ಪಿದರು. 'ಭರಣಿ: ಶ್ರೀಮತಿ ವಿನೋದಾ. ನೂರಾ ನಲವತ್ತೆರಡು ಮರಿಗಳು: ಶ್ರೀ ದಿನಕರ ಹೆಗಡೆ.' ಅದರ ಕೆಳಗೆ ಹೆಗಡೆಯವರು ಸಹಿ ಹಾಕಿದರು. ಗೌರವ ಸಂಘದ ದಾಖಲೆಯಲ್ಲಿ ಎಲ್ಲರಿಗಿಂತ ಮೊದಲು ಬಿದ್ದ ಸಹಿ ಅದೇ. ಉಲ್ಲಾಸ ನಾಯ್ಕರದು ಮರುದಿನ ಬಿತ್ತು.

ಭಾನುವಾರ ಶಿರಸಿಯ ಸಭಾಂಗಣದಲ್ಲಿ ಎಂಟು ಜನ ಸಾಲಾಗಿ ನಿಂತರು. ಎಂಟನೆಯವರಾಗಿ ಪಾರ್ವತವ್ವ, ಇಳಕಲ್ ಸೀರೆಯ ಮೇಲೆ ಹಸಿರು ಹುರಿ. ಪ್ರಾತ್ಯಕ್ಷಿಕೆಯನ್ನೂ ಅವರೇ ಮಾಡಿದರು. ಸಂಖ್ಯೆಯ ವಿಷಯ ಬಂದಾಗ ತಿರುಗಿ, "ಎಷ್ಟಿದ್ವರಿ ಸಾಹೇಬ್ರ?" ಎಂದು ಕೇಳಿದರು. ಪಕ್ಕದಲ್ಲಿ ಭರಣಿ ಹಿಡಿದು ನಿಂತಿದ್ದ ಹೆಗಡೆಯವರು, "ನೂರಾ ನಲವತ್ತೆರಡು" ಎಂದು ಸ್ಪಷ್ಟವಾಗಿ ಹೇಳಿದರು. ಜಿಲ್ಲೆಯ ದೊಡ್ಡ ಅಧಿಕಾರಿಗಳು ನಗುತ್ತ ನಗುತ್ತ ಕನ್ನಡಕ ಒರೆಸಿಕೊಂಡರು. ಮನೆಗೆ ಹೋಗಿ ತಮ್ಮ ಫ್ರಿಜ್ಜಿನ ಹಿಂದೆ ನೋಡುವುದಾಗಿ ಭಾಷಣದಲ್ಲಿ ಭರವಸೆ ಕೊಟ್ಟರು.

ಹೆಗ್ಗರಣೆಯ ಎರಡು ಜೀಪುಗಳು ಸ್ವಲ್ಪ ತಡವಾಗಿ ಬಂದವು. ಚಿಕ್ಕಪ್ಪ ಶಾಲು ಹಿಡಿದು ನೇರ ವೇದಿಕೆಯ ಬುಡಕ್ಕೆ ಬಂದು ಕೇಳಿದರು:

"ತಮಾ, ನಿನ್ನ ಹುರಿ ಎಲ್ಲಿದ್ದೋ?"

"ಯಂಗೆ ಇಲ್ಲೆ ಚಿಕ್ಕಪ್ಪ. ಈ ಪಾರ್ವತವ್ವಂಗೆ ಸಿಕ್ಕಿದ್ದು."

"ಹಂಗಾರೆ ನೀನು ಎಂತಕ್ಕೆ ವೇದಿಕೆ ಮೇಲೆ ನಿಂತಿದ್ದೆ?"

"ಭರಣಿ ಹಿಡ್ಕಂಡಿದ್ದೆ."

ಚಿಕ್ಕಪ್ಪ ವ್ಯವಹಾರ ಬಲ್ಲವರು. ತಂದ ಶಾಲನ್ನು ವಾಪಸು ಒಯ್ಯುವುದು ಮರ್ಯಾದೆಯಲ್ಲ ಎಂದು ಮೆಟ್ಟಿಲು ಹತ್ತಿ ಅದನ್ನು ಪಾರ್ವತವ್ವನಿಗೇ ಹೊದಿಸಿ ಕೈಮುಗಿದರು. ಅದಕ್ಕೆ ಶಂಕ್ರಪ್ಪ ಮೊಣಕಾಲು ನೋವನ್ನೂ ಮರೆತು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮರುದಿನ ಪೇಪರಿನಲ್ಲಿ ಫೋಟೋ ಬಂತು. ಅಡಿಬರಹದ ಕೊನೆಯಲ್ಲಿ 'ಭರಣಿಯೊಂದಿಗೆ ಶ್ರೀ ದಿನಕರ ಹೆಗಡೆ' ಎಂದಿತ್ತು. ಹೆಗಡೆಯವರು ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆ.

ಅಂದಿನಿಂದ ಅವರು ಊರಿಗೆ ಹೋಗುವಾಗ ಸ್ಕೂಟರನ್ನು ಎರಡು ಫರ್ಲಾಂಗು ದೂರದಲ್ಲಿಯೇ ನಿಲ್ಲಿಸಿ ನಡೆದು ಹೋಗತೊಡಗಿದರು. ಸೊಳ್ಳೆಮರಿಗಳ ಅಭಾವ ಅದೇ ವಾರ ನೀಗಿತು.

ಮೂರು ವರ್ಷ ತುಂಬಿದ ಮೇಲೆ ಹೆಗಡೆಯವರು ಹೊಸದಾಗಿ ಅರ್ಜಿ ಹಾಕಿದರು. ಒಂದು ಮಧ್ಯಾಹ್ನ ಮುನ್ಸೂಚನೆ ಇಲ್ಲದೆ ತಪಾಸಣೆಗೆ ಬಂದವರು ಇಬ್ಬರು: ಆಗಲೇ ಅದೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಸಮೃದ್ಧಿ ಮತ್ತು ಹಿರಿಯ ಸದಸ್ಯೆ ಪಾರ್ವತವ್ವ. ಪಾರ್ವತವ್ವ ಬೇರೆಲ್ಲಿಯೂ ನೋಡಲಿಲ್ಲ. ನೇರ ಅಡುಗೆಮನೆಗೆ ಹೋಗಿ, ನಾಗಂದಿಗೆಯ ಮೇಲಿನ ಭರಣಿ ಇಳಿಸಿ, ಬಟ್ಟೆ ಬಿಚ್ಚಿ, ಚಮಚ ಇಳಿಸಿದರು. ಮೇಲೆ ಬಂದದ್ದು ಕೆಂಪು ರಸದಲ್ಲಿ ನೆನೆದ ಒಂದು ಮಿಡಿ. ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡಿದರು.

ಪಾರ್ವತವ್ವ ಮಿಡಿಯನ್ನು ಬಾಯಿಗಿಟ್ಟು, ನಿಧಾನವಾಗಿ ಅಗಿದು, ಗೊರಟೆಯನ್ನು ಕೈಗೆ ಉಗುಳಿಕೊಂಡು, ಸಮೃದ್ಧಿಯ ಕಡೆ ತಿರುಗಿದರು.

"ಬರ್ಕೋ ತಂಗಿ. ಈಜಾಕತ್ತಿಲ್ಲ. ಪಾಸು."